ಎತ್ತರಿಸಿದ ಗಾಡಿ ಎರೆಯಲ್ಲಿ ಹುಗಿಯುವುದಿಲ್ಲವೇ?

ಆಲಮಟ್ಟಿ ಹಿನ್ನೀರಿನ ದಂಡೆಯ ಹೊಲಗಳಿಗೆ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಒಯ್ಯುವವರಿಗೆ ನಿಡಗುಂದಿಯ ಕಡೆ ಪುಕ್ಕಟೆಯಾಗಿ ಸಿಗುವ ಸಲಹೆ ಇದು: "ಗಾಡಿ ಎತ್ತರ ಮಾಡಸ್ರಿ, ಎಲ್ಲೂ ಸಿಗಬೀಳಂಗಿಲ್ಲ." ಲಿಫ್ಟ್ ಕಿಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಸಾಮಾನಿನ ಸುತ್ತ ಹಬ್ಬಿರುವ ನಂಬಿಕೆಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ನಂಬಿಕೆ: ಲಿಫ್ಟ್ ಹಾಕಿಸಿದರೆ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುತ್ತದೆ.

ಯಾವ ಹೊಟ್ಟೆ ಎಂದು ಮೊದಲು ಕೇಳಬೇಕು. ಬಂಡಿಜಾಡಿನ ನಡುದಿಬ್ಬಕ್ಕೆ ತಾಗುವುದು ಹಿಂದಿನ ಆಕ್ಸಲ್‌ನ ನಡುವಿರುವ ಡಿಫರೆನ್ಶಿಯಲ್ ಗುಂಡು. ಚಾಸಿ ಮತ್ತು ಬಾಡಿಯ ನಡುವೆ ಗಟ್ಟು ಇಟ್ಟು ಮಾಡುವ ಬಾಡಿ ಲಿಫ್ಟ್, ಕುರ್ಚಿಯ ಮೇಲೆ ದಿಂಬು ಹಾಕಿ ಕುಳಿತಂತೆ: ತಲೆ ಮೇಲೇರುತ್ತದೆ, ಕುರ್ಚಿಯ ಕಾಲು ಅಷ್ಟೇ ಇರುತ್ತದೆ. ಸಸ್ಪೆನ್ಶನ್ ಲಿಫ್ಟ್ ಚಾಸಿಯನ್ನು ಎತ್ತುತ್ತದೆ ನಿಜ. ಹೊಲದ ಒಡ್ಡು ದಾಟುವಾಗ, ಕಾಲುವೆ ಏರಿ ಹತ್ತುವಾಗ ಮುಂದಿನ ಬಂಪರ್ ನೆಲಕ್ಕೆ ಗುದ್ದದಂತೆ ಅದು ಉಳಿಸುತ್ತದೆ. ಆದರೆ ಅಖಂಡ ಆಕ್ಸಲ್ ಇರುವ ಗಾಡಿಯಲ್ಲಿ ಆ ಗುಂಡು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ.

ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. ಬೊಲೆರೊಗೆ ಬರುವ 215/75 ಆರ್15 ಟೈರಿನ ವ್ಯಾಸ ಸುಮಾರು 703 ಮಿ.ಮೀ.; 235/75 ಆರ್15 ಹಾಕಿದರೆ ಸುಮಾರು 733. ಆಕ್ಸಲ್ ಮೇಲೇರುವುದು 15 ಮಿ.ಮೀ. ಅಷ್ಟಕ್ಕೇ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62 ದಾಟಿರುತ್ತದೆ, ಹೇರು ಹೊತ್ತ ಹಳೆಯ ಎಂಜಿನ್‌ಗೆ ಏರಿನಲ್ಲಿ ಎಳೆತವೂ ಕಡಿಮೆಯಾಗುತ್ತದೆ.

ಇನ್ನು ಎರೆಮಣ್ಣಿನ ಮಾತು. ನೀರು ಕುಡಿದು ಉಬ್ಬುವ ಜಿಗುಟು ಮಣ್ಣು ಅದು. ಟೈರಿನ ಸಂದುಗಳಲ್ಲಿ ಮೆತ್ತಿಕೊಂಡು ನಾಲ್ಕೂ ಗಾಲಿಗಳನ್ನು ನುಣ್ಣಗೆ ಮಾಡಿಬಿಡುತ್ತದೆ. ಅಲ್ಲಿ ಬೇಕಾದ್ದು ಮಣ್ಣನ್ನು ತಾನೇ ಕೊಡವಿಕೊಳ್ಳುವ ಅಗಲ ಸಂದಿನ ಟೈರ್, ಲೋ ಗೇರ್, ಖಾಲಿ ಗಾಡಿಯಾದರೆ ಸ್ವಲ್ಪ ಇಳಿಸಿದ ಗಾಳಿ. ಡಾಂಬರಿಗೆ ಬಂದ ಕೂಡಲೇ ಆ ಗಾಳಿಯನ್ನು ಮತ್ತೆ ತುಂಬಿಸಬೇಕು. ಎರಡು ದಿನ ಬಿಸಿಲು ಬೀಳುವವರೆಗೆ ಕಾಯುವುದು ಇವೆಲ್ಲಕ್ಕಿಂತ ಅಗ್ಗ.

ನಂಬಿಕೆ: ಸ್ಪ್ರಿಂಗ್ ಪ್ಲೇಟು ಹೆಚ್ಚಿಸಿದರೆ ಎತ್ತರವೂ ಆಯಿತು, ಹೇರುವ ತಾಕತ್ತೂ ಬಂತು.

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಉಳ್ಳಾಗಡ್ಡಿ ಚೀಲ ತುಂಬಿದ ಗಾಡಿ ಹಿಂದಕ್ಕೆ ಕುಸಿಯದಿದ್ದರೆ ಭಾರ ಕಡಿಮೆಯಾದಂತೆ ಕಾಣುತ್ತದೆ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕುಗಳಿಗೆ ಬೀಳುವ ಭಾರ ಮಾತ್ರ ಅಷ್ಟೇ. ನೋಂದಣಿ ಪತ್ರದಲ್ಲಿ ಬರೆದ ಒಟ್ಟು ತೂಕ ಇವೆಲ್ಲವನ್ನೂ ಲೆಕ್ಕ ಹಾಕಿ ಬರೆದದ್ದು. ಇನ್ನೊಂದು ಸೂಕ್ಷ್ಮವಿದೆ. ಅನೇಕ ಪಿಕಪ್‌ಗಳಲ್ಲಿ ಚಾಸಿ ಎಷ್ಟು ಕುಸಿದಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವ ವಾಲ್ವ್ ಇರುತ್ತದೆ. ಅದರ ಸರಳು ಆಕ್ಸಲ್‌ಗೆ ಕೂಡಿಕೊಂಡಿರುತ್ತದೆ. ಚಾಸಿ ಎತ್ತರದಲ್ಲೇ ನಿಂತರೆ ಗಾಡಿ ಖಾಲಿಯಿದೆ ಎಂದುಕೊಂಡು ಅದು ಒತ್ತಡ ತಡೆಯುತ್ತದೆ. ಹೇರು ತುಂಬಿದಾಗಲೇ ಹಿಂದಿನ ಬ್ರೇಕು ಸೋಲುತ್ತದೆ. ಲಿಫ್ಟ್ ಮಾಡಿದವರು ಆ ಸರಳನ್ನೂ ಹೊಂದಿಸಿದರೇ ಎಂದು ಕೇಳಿ. ಉತ್ತರ ತಡವಾದರೆ ಬೇರೆ ಗ್ಯಾರೇಜು ನೋಡುವುದು ಒಳ್ಳೆಯದು.

ಗಟ್ಟಿ ಪ್ಲೇಟಿನಿಂದ ಹೊಲದಲ್ಲೂ ನಷ್ಟವೇ. ತಗ್ಗು ಬಂದಾಗ ಗಾಲಿ ಕೆಳಗಿಳಿದು ನೆಲ ಹಿಡಿಯಬೇಕು. ಬಿಗಿಯಾದ ಪ್ಲೇಟು ಅದನ್ನು ಇಳಿಯಗೊಡುವುದಿಲ್ಲ, ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಸಾಮಾನ್ಯ ಡಿಫರೆನ್ಶಿಯಲ್ ಇದ್ದರೆ ಆ ಗಾಲಿಯೇ ಸುಮ್ಮನೆ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ನಂಬಿಕೆ: ಮುಂದಿನ ಬೋಲ್ಟ್ ತಿರುವಿದರೆ ಪುಕ್ಕಟೆ ಲಿಫ್ಟ್.

ಮುಂಭಾಗದಲ್ಲಿ ಸ್ಪ್ರಿಂಗಿನ ಬದಲು ತಿರುಚುವ ಸರಳು, ಅಂದರೆ ಟಾರ್ಶನ್ ಬಾರ್, ಇರುವ ಗಾಡಿಗಳಿಗೆ ಈ ಮಾತು ಅಂಟಿಕೊಂಡಿದೆ. ಬೋಲ್ಟ್ ಬಿಗಿದರೆ ಮೂಗು ಮೇಲೇಳುತ್ತದೆ, ಆ ಸರಳಿನ ಬಿಗುಪು ಹೆಚ್ಚುವುದಿಲ್ಲ. ಗಾಲಿ ಕೆಳಗಿಳಿಯಲು ಉಳಿದಿದ್ದ ಜಾಗ ಖರ್ಚಾಗುತ್ತದೆ, ಡ್ರೈವ್ ಶಾಫ್ಟಿನ ಕೀಲುಗಳು ಓರೆಯಲ್ಲಿ ದುಡಿದು ರಬ್ಬರ್ ಬೂಟು ಹರಿಯುತ್ತದೆ, ಅಲೈನ್‌ಮೆಂಟ್ ಕೆಟ್ಟು ಟೈರ್ ಒಂದೇ ಬದಿಗೆ ಸವೆಯುತ್ತದೆ. ಮುಂದೆಯೂ ಪ್ಲೇಟು ಇರುವ ಗಾಡಿಗಳಲ್ಲಿ ಪ್ಲೇಟಿನ ತುದಿಯನ್ನು ಚಾಸಿಗೆ ಕೂಡಿಸುವ ಶ್ಯಾಕಲನ್ನು ಉದ್ದದ್ದು ಹಾಕುವ ರೂಢಿಯಿದೆ: 2 ಇಂಚು ಉದ್ದ ಮಾಡಿದರೆ ಸಿಗುವುದು ಸುಮಾರು 1 ಇಂಚು, ಜೊತೆಗೆ ಸ್ಟೇರಿಂಗ್ ಅಲೆದಾಟ. ಆಕ್ಸಲ್ ಮತ್ತು ಪ್ಲೇಟಿನ ನಡುವೆ ಬ್ಲಾಕ್ ಇಡುವುದು ಹಿಂದಕ್ಕೆ ನಡೆದೀತು. ಮುಂದಿನ ಆಕ್ಸಲ್‌ಗೆ ಅದನ್ನು ಯಾರು ಹೇಳಿದರೂ ಹಾಕಿಸಬೇಡಿ.

ನಂಬಿಕೆ: ದೊಡ್ಡ ಟೈರ್ ಹಿಂದೆ ಎರಡಕ್ಕೆ ಹಾಕಿದರೆ ಸಾಕು.

ಫೋರ್ ವೀಲ್ ಹಾಕಿದಾಗ ಈ ಹಳೆಯ ಗಾಡಿಗಳ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ವ್ಯಾಸ ಬೇರೆಯಾದರೆ ಎರಡೂ ಎಳೆದಾಡಿ ಟ್ರಾನ್ಸ್‌ಫರ್ ಕೇಸಿನ ಗೇರು, ಪ್ರೊಪೆಲರ್ ಶಾಫ್ಟಿನ ಕ್ರಾಸು ಹಾಳಾಗುತ್ತವೆ. ನಾಲ್ಕಕ್ಕೂ ಒಂದೇ ಅಳತೆ ಇರಲಿ.

ನಂಬಿಕೆ: ಹಳೆಯ ಗಾಡಿಗೆ ಲಿಫ್ಟ್ ಬೇಕೇ ಬೇಕು.

ಬಹುಪಾಲು ಹಳೆಯ ಪಿಕಪ್‌ಗಳು ತಗ್ಗಾಗಿ ಕಾಣುವುದು ವರ್ಷಗಟ್ಟಲೆ ಹೇರು ಹೊತ್ತು ಪ್ಲೇಟಿನ ಕಮಾನು ಚಪ್ಪಟೆಯಾಗಿರುವುದರಿಂದ. ಸಮನೆಲದಲ್ಲಿ ಗಾಡಿ ಖಾಲಿ ನಿಲ್ಲಿಸಿ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪಿನಲ್ಲಿ ಅಳೆದು, ಎಡ-ಬಲ ಹೋಲಿಸಿ. ಅದೇ ಮಾದರಿಯ ಸುಸ್ಥಿತಿಯ ಗಾಡಿ ಸಿಕ್ಕರೆ ಅದರೊಂದಿಗೂ ಹೋಲಿಸಿ. ಕುಸಿದಿದ್ದರೆ ಕಂಪನಿ ಅಳತೆಯ ಹೊಸ ಪ್ಲೇಟು, ಬುಶ್, ಯೂ ಬೋಲ್ಟ್, ಜಂಪರ್ ಹಾಕಿಸುವುದೇ ನನ್ನ ಮಟ್ಟಿಗೆ ಮೊದಲ ಲಿಫ್ಟ್ ಕಿಟ್. ಹಳೆಯ ಪ್ಲೇಟನ್ನು ಬರೀ ಸುತ್ತಿಗೆಯಲ್ಲಿ ಬಡಿದು ಕಮಾನು ಏರಿಸಿದರೆ, ಸರಿಯಾದ ಹದ ಕೊಡದಿದ್ದರೆ, ಅದು ಬೇಗ ಮತ್ತೆ ಕುಸಿಯುತ್ತದೆ.

ಕಾನೂನಿನ ದೃಷ್ಟಿಯಲ್ಲೂ ಕಂಪನಿ ಅಳತೆಯ ಪ್ಲೇಟು ಹಾಕಿಸುವುದು ದುರಸ್ತಿ, ಮಾರ್ಪಾಡಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. "ಅಂಗಡಿಯಾಗ ಮಾರ್ತಾರ ಅಂದ್ರ ಕಾಯ್ದೇಶೀರ ಇರ್ತೈತಿ" ಎಂಬ ವಾದ ಆರ್‌ಟಿಒ ಮುಂದೆ ನಡೆಯುವುದಿಲ್ಲ.

ಪ್ಲೇಟು ಬದಲಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ ಯೂ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿ, ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟನ್ನೂ ಇಳಿಸಿಕೊಳ್ಳಿ. ಮೂಗೆತ್ತಿದ ಪಿಕಪ್‌ನ ಬೆಳಕು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಎದುರು ಬರುವ ಬೈಕಿನವನ ಕಣ್ಣಿಗೇ ನೇರವಾಗಿ ಬೀಳುತ್ತದೆ. ಇಳಿಸಲು ಬೇಕಾದ್ದು ಒಂದು ಸ್ಕ್ರೂಡ್ರೈವರ್.