ಎಪ್ಪತ್ತಮೂರರ ಕಂಠಾಭರಣ

ದುಬೈಯಿಂದ ಅಬುಧಾಬಿಗೆ ಹೋಗುವ ಶೇಖ್ ಜಾಯೆದ್ ರಸ್ತೆಯಲ್ಲಿ ವಾಹನಗಳ ಸಾಲು ನಿಂತುಬಿಟ್ಟಾಗ, ಬಿಸಿಲನ್ನೂ ಗಾಜಿನ ಗೋಪುರಗಳನ್ನೂ ಎಷ್ಟು ಹೊತ್ತೆಂದು ನೋಡುವುದು! ಮುಂದಿನ ಕಾರಿನ ಸಂಖ್ಯಾಫಲಕವನ್ನು ಮನಸ್ಸಿನಲ್ಲೇ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು ನನ್ನ ಹಳೆಯ ಚಪಲ. ಈ ನಾಡಿನಲ್ಲಿ ಆ ಫಲಕ ಬರಿಯ ತಗಡಲ್ಲ. 2008ರಲ್ಲಿ ಅಬುಧಾಬಿಯ ‘1’ 5 ಕೋಟಿ 22 ಲಕ್ಷ ದಿರ್ಹಮಿಗೂ, 2023ರಲ್ಲಿ ದುಬೈಯ ‘ಪಿ 7’ 5 ಕೋಟಿ 50 ಲಕ್ಷಕ್ಕೂ ಹರಾಜಾದುವು. ಗಣಿತದ ದೃಷ್ಟಿಯಿಂದ ಎರಡನೆಯ ವ್ಯಾಪಾರವೇ ಮೇಲು: 7 ಎಂಬುದು ತನ್ನಿಂದಲೂ ಒಂದರಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ, 1ಕ್ಕಾದರೋ ಆ ಪಂಕ್ತಿಯಲ್ಲಿ ಎಲೆಯೇ ಇಲ್ಲ.

ಒಮ್ಮೆ ಎದುರಿಗೆ ನಿಂತ ಬಿಳಿಯ ಕಾರಿನ ಸಂಖ್ಯೆ 511. ಅದು 7 ಮತ್ತು 73ರ ಗುಣಲಬ್ಧವೆಂದು ಹೊಳೆದೊಡನೆ ಒಂದು ಸೊಗಸಾದ ಸಂಖ್ಯಾಶ್ರೇಣಿ ನೆನಪಿಗೆ ಬಂತು. ಯಾವುದಾದರೊಂದು ಸಂಖ್ಯೆಯನ್ನು ಒಡೆದು, ಬಂದ ಅಪವರ್ತನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒತ್ತಾಗಿ ಬರೆದು, ಹಾಗೆ ಹುಟ್ಟಿದ ಹೊಸ ಸಂಖ್ಯೆಯನ್ನು ಮತ್ತೆ ಒಡೆಯುತ್ತ ಹೋಗಿ, ಅವಿಭಾಜ್ಯವೊಂದು ಸಿಕ್ಕಿದಲ್ಲಿ ನಿಲ್ಲುವುದು. 10 ಎಂದರೆ 2, 5, ಆದುದರಿಂದ 25, ಅದು 5, 5 ಆಗಿ 55, ಅದು 5, 11 ಆಗಿ 511, ಅದು 7, 73 ಆಗಿ 773. ಇಲ್ಲಿಗೆ ನಿಂತಿತು, 773 ಒಡೆಯದು.

ಈ 73ನ್ನು ನಾನು ಮೊದಲು ಕಂಡದ್ದು ನಮ್ಮವನೇ ಆದ ಮಹಾವೀರಾಚಾರ್ಯನಲ್ಲಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಆ ಜೈನ ಪಂಡಿತನು, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಕಂಠಾಭರಣಗಳೆಂದು ಮೆಚ್ಚಿ ಪೋಣಿಸಿಟ್ಟಿದ್ದಾನೆ. 152207ನ್ನು 73ರಿಂದ ಗುಣಿಸಿರಿ, 11111111 ಬರುತ್ತದೆ. 139ನ್ನು 109ರಿಂದ ಗುಣಿಸಿರಿ, 15151. ಗುಣಾಕಾರದ ಲೆಕ್ಕವೆಂದು ಕೊಟ್ಟಿದ್ದರೂ, ಹಾರವನ್ನು ಮೊದಲು ಕಲ್ಪಿಸಿಕೊಂಡು ಅದರ ಮಣಿಗಳನ್ನು ಬಿಡಿಸಿ ನೋಡದವನಿಗೆ ಇಂಥ ಜೋಡಿ ಕೈಗೆ ಸಿಕ್ಕುವುದಲ್ಲವೆಂದು ನನ್ನ ಎಣಿಕೆ. ಅದೇ ಶತಮಾನದಲ್ಲಿ ಬಾಗ್ದಾದಿನ ಸಾಬಿತ್ ಇಬ್ನ್ ಕುರ್ರನು ಅವಿಭಾಜ್ಯಗಳ ನೆರವಿನಿಂದ 220, 284ರಂಥ ಸ್ನೇಹಸಂಖ್ಯೆಗಳನ್ನು (ಒಂದರ ಭಾಜಕಗಳನ್ನು, ಅದನ್ನೇ ಬಿಟ್ಟು, ಕೂಡಿಸಿದರೆ ಇನ್ನೊಂದು ಬರುವ ಜೋಡಿಗಳನ್ನು) ಹುಟ್ಟಿಸುವ ಸೂತ್ರವನ್ನು ಕಂಡುಕೊಂಡನು. 851ರ ಅರಬ್ಬೀ ವೃತ್ತಾಂತವೊಂದು ‘ಬಲ್ಹರ’ನೆಂಬ ಹೆಸರಿನಿಂದ ನಮ್ಮ ರಾಷ್ಟ್ರಕೂಟ ದೊರೆಯನ್ನು ಲೋಕದ ನಾಲ್ವರು ಮಹಾರಾಜರ ಸಾಲಿನಲ್ಲಿ ಎಣಿಸಿತು. ರಾಷ್ಟ್ರಕೂಟರ ರಾಜಧಾನಿ ಮಳಖೇಡಕ್ಕೂ ಅರಬ್ಬರಿಗೂ ನಂಟು ನಮ್ಮ ವೀಸಾಗಳಿಗಿಂತ ಹಳೆಯದು. ಅಂದ ಹಾಗೆ, ಈ ಅರಬ್ ಎಮಿರೇಟುಗಳ ಒಕ್ಕೂಟ ಹುಟ್ಟಿದ 1971ನ್ನು ಒಡೆದರೂ ಮೂರು 3ಗಳ ಜೊತೆಗೆ 73 ಕುಳಿತಿರುತ್ತದೆ.

ಶ್ರೇಣಿಯ ನಿಯಮ ಇಷ್ಟು ಸರಳವಾಗಿದ್ದರೂ ಅದರ ನಡೆ ಸರಳವಲ್ಲ. 9 ಎರಡೇ ಹೆಜ್ಜೆಯಲ್ಲಿ 311ನ್ನು ಮುಟ್ಟಿದರೆ, ಅದರ ನೆರೆಯ 8, ಹದಿಮೂರು ಹೆಜ್ಜೆ ನಡೆದು, 19 ಅಂಕಿಗಳ 3331113965338635107ರಲ್ಲಿ ವಿಶ್ರಮಿಸುತ್ತದೆ. 49ರ ನಡೆಯಂತೂ ಕಂಪ್ಯೂಟರುಗಳಿಂದ ನೂರಕ್ಕೂ ಮಿಕ್ಕಿ ಹೆಜ್ಜೆ ಹಾಕಿಸಿದರೂ ಮುಗಿದಿಲ್ಲ. ಇನ್ನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಯನ್ನು ಒಡೆಯುವುದು ಅಷ್ಟು ಕಠಿನ. ಈ ಕಾಠಿನ್ಯವನ್ನೇ ಬೀಗವಾಗಿಸಿ ನಮ್ಮ ಬ್ಯಾಂಕಿನ ಗುಟ್ಟುಗಳನ್ನು ಕಾಯುವ ಪದ್ಧತಿಯುಂಟು. ಕ್ವಾಂಟಂ ಕಂಪ್ಯೂಟರು ಬಂದು ಆ ಬೀಗ ಮುರಿದರೆ ಏನು ಗತಿಯೆಂಬ ಸಂಶೋಧನೆ ಅಬುಧಾಬಿಯ ಟೆಕ್ನಾಲಜಿ ಇನ್ನೊವೇಷನ್ ಇನ್‌ಸ್ಟಿಟ್ಯೂಟಿನಲ್ಲಿಯೂ ನಡೆಯುತ್ತಿದೆ.

ಆ ದಿನ ಸಾಲು ಕದಲಿದ ಮೇಲೆ 49ನ್ನೇ ಹಿಡಿದೆ: 77, 711, 3379. ಕೊನೆಯದನ್ನು 31 ಮತ್ತು 109 ಎಂದು ಬಿಡಿಸಿ, ಮಹಾವೀರನ ಹಾರದ ಇನ್ನೊಂದು ಮಣಿ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಅಬುಧಾಬಿಯ ಮಖ್ತಾ ಸೇತುವೆ ಬಂದುಬಿಟ್ಟಿತು.