ಹಳೆಯ ಗೋದಾಮುಗಳಿಗೆ ಭೂಕಂಪ ನಿರೋಧಕ ಬಲವರ್ಧನೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು 2002ರ ಭಾರತೀಯ ಮಾನಕದ ಭೂಕಂಪ ನಕ್ಷೆಯು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿ ಸೇರಿಸಿತ್ತು. ಆದರೆ ವರ್ತಕ ಬಂಧುಗಳು ಇದರಿಂದ ನಿಶ್ಚಿಂತರಾಗುವಂತಿಲ್ಲ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿಯೇ ಇದ್ದಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಮಿ ಕಂಪಿಸಿ ಸುಮಾರು 8,000 ಜನ ಮಡಿದರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಹಾಗೂ ಭಾರವಾದ ಮಣ್ಣಿನ ಮಾಳಿಗೆಗಳೇ ಇದಕ್ಕೆ ಮುಖ್ಯ ಕಾರಣವಾದವು.

ನಮ್ಮ ಪೇಟೆಗಳ ಹಳೆಯ ಅಂಗಡಿ, ಗೋದಾಮುಗಳ ಗೋಡೆಗಳೂ ಇಂಥವೇ ಆಗಿದ್ದಲ್ಲಿ ಅವನ್ನು ಕೆಡವಲೇಬೇಕೆಂದಿಲ್ಲ. ಮೊದಲು ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ ಭಾರವನ್ನು ತಗ್ಗಿಸಬೇಕು. ಗೋಡೆಯ ಒಳಮುಖ, ಹೊರಮುಖಗಳು ಬೇರ್ಪಡದಂತೆ ಅಲ್ಲಲ್ಲಿ ರಂಧ್ರ ತೆಗೆದು, ಕೊಕ್ಕೆಯುಳ್ಳ ಸರಳನ್ನಿಟ್ಟು ಕಾಂಕ್ರೀಟ್ ತುಂಬಬೇಕು. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಕಟ್ಟಡದ ಸುತ್ತಲೂ ಉಕ್ಕಿನ ಜಾಲರಿಯನ್ನು ಬಿಗಿದು, ಸಿಮೆಂಟ್ ಗಾರೆಯ ಪಟ್ಟಿಯನ್ನು ಕಟ್ಟಬೇಕು. ಬರಿಯ ಗಿಲಾವಿನಿಂದ ಗೋಡೆಗೆ ಬಲ ಬಾರದು.

ಇದ್ದ ಕಲ್ಲೇ ಉಳಿಯುವುದರಿಂದ ಹೊಸ ಸಿಮೆಂಟು, ಉಕ್ಕು, ಜಲ್ಲಿಗಳ ಬಳಕೆ ತಗ್ಗುತ್ತದೆ, ಪರಿಸರಕ್ಕೂ ಹಿತವಾಗುತ್ತದೆ. ಕೆಲಸವನ್ನು ಭಾಗ ಭಾಗವಾಗಿ ಮಾಡಿಸಿದರೆ ವಹಿವಾಟು ಪೂರ್ತಿ ನಿಲ್ಲಬೇಕಾಗಿಲ್ಲ. ಆದರೆ ಯಾವ ಗೋಡೆ ಉಳಿಯಬಲ್ಲುದು, ಯಾವುದು ಉಳಿಯಲಾರದು ಎಂಬುದನ್ನು ಅನುಭವಿ ಕಟ್ಟಡ ಇಂಜಿನಿಯರರಿಂದ ಪರೀಕ್ಷಿಸಿಕೊಂಡೇ ಮುಂದುವರಿಯುವುದು ಕ್ಷೇಮ.