ಎಲ್ಲರಿಗೂ ಸೇರಿದ ಎಲೆಗಳು

ಮದುವೆಮನೆಯ ಜಮಖಾನದ ಮೇಲೆ ರಮ್ಮಿಗೆ ಕುಳಿತ ಹಿರಿಯರನ್ನು ನೋಡದವರಾರು? ಕೈಯ ಎಲೆಗಳನ್ನು ಎದೆಗವಚಿಕೊಂಡು, ಪಕ್ಕದವರ ಕಣ್ಣು ತಾಗದಂತೆ ಕಾಯುವುದೇ ಅಲ್ಲಿಯ ಶಿಸ್ತು. ಅಮೆರಿಕದ ಪೋಕರಿನ ಕೆಲವು ಬಗೆಗಳಲ್ಲಾದರೋ ಹೆಚ್ಚಿನ ಎಲೆಗಳು ಮೇಜಿನ ನಡುವೆ ಅಂಗಾತವಾಗಿ ಬಿದ್ದಿರುತ್ತವೆ. ಅವು ಯಾರೊಬ್ಬರವೂ ಅಲ್ಲ, ಎಲ್ಲರವೂ ಹೌದು. ಇವೇ ಸಮುದಾಯದ ಎಲೆಗಳು.

ಇಂಥ ಆಟಗಳಲ್ಲಿ ಹೆಸರಾದುದು ‘ಟೆಕ್ಸಾಸ್ ಹೋಲ್ಡೆಮ್’. ಆಟಗಾರನಿಗೆ ಗುಟ್ಟಾಗಿ ದೊರೆಯುವುದು ಎರಡೇ ಎಲೆ. ಒಂದು ಸುತ್ತು ಪಣವಾದ ಮೇಲೆ ಮೂರು ಎಲೆಗಳನ್ನು ಒಮ್ಮೆಗೇ ತೆರೆದಿಡುತ್ತಾರೆ, ಅದು ‘ಫ್ಲಾಪ್’. ಮತ್ತೆ ಪಣ, ನಾಲ್ಕನೆಯ ಎಲೆ ‘ಟರ್ನ್’. ಇನ್ನೊಮ್ಮೆ ಪಣ, ಕಡೆಯದು ‘ರಿವರ್’, ಎಂದರೆ ಹೊಳೆ. ಬಳಿಕ ಕೊನೆಯ ಪಣ. ಕೈಯ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಉತ್ತಮವಾದ ಐದನ್ನು ಆರಿಸಬೇಕು. ಮೇಜಿನ ಐದನ್ನೇ ಯಾರೂ ಮೀರಿಸಲಾರದೆ ಹೋದರೆ ಕಣದಲ್ಲುಳಿದವರು ಪಣವನ್ನು ಸಮನಾಗಿ ಹಂಚಿಕೊಳ್ಳುತ್ತಾರೆ.

‘ಒಮಾಹಾ’ದಲ್ಲಿ ಕೈಗೆ ನಾಲ್ಕು ಎಲೆ, ಆದರೆ ಕೈಯಿಂದ ಎರಡನ್ನೇ, ಮೇಜಿನಿಂದ ಮೂರನ್ನೇ ಬಳಸಬೇಕು. ಮೇಜಿನ ಮೇಲೆ ನಾಲ್ಕು ಆಟೀನು, ಕೈಯಲ್ಲಿ ಒಂದೇ ಆಟೀನು ಇದ್ದವನಿಗೆ ಹೋಲ್ಡೆಮ್‌ನಲ್ಲಿ ಒಂದೇ ಗುರುತಿನ ಐದು ಎಲೆಗಳ ‘ಫ್ಲಷ್’ ಕೂಡಿತು, ಒಮಾಹಾದಲ್ಲಿ ಕೂಡಲಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ಏಳೆಲೆಯ ‘ಸ್ಟಡ್’ ಆಟದಲ್ಲಿ ಅವರವರ ಎಲೆ ಅವರವರಿಗೆ. ಆದರೂ ಎಂಟು ಮಂದಿ ಕಡೆಯವರೆಗೆ ಉಳಿದರೆ 56 ಎಲೆ ಬೇಕು, ಕಟ್ಟಿನಲ್ಲಿರುವುದು 52. ಆಗ ಒಂದೇ ಎಲೆಯನ್ನು ನಡುವೆ ತೆರೆದಿಟ್ಟು, ಅದನ್ನೇ ಎಲ್ಲರ ಏಳನೆಯ ಎಲೆಯೆಂದು ಎಣಿಸುತ್ತಾರೆ.

ಹಂಚಿಕೊಂಡ ಎಲೆ ಎಲ್ಲರಿಗೂ ಒಂದೇ ಫಲ ಕೊಡುವುದೇ? ಲಾಸ್ ವೇಗಾಸ್ ನಗರದಲ್ಲಿ 1970ರಲ್ಲಿ ಆರಂಭವಾದ ಪೋಕರ್ ವಿಶ್ವಸ್ಪರ್ಧೆಯ ಒಂದು ಪ್ರಸಂಗವನ್ನು ನೋಡಿ. 1976ರ ಕಡೆಯ ಆಟದಲ್ಲಿ ಜೆಸ್ಸಿ ಆಲ್ಟೊ ಕೈಯಲ್ಲಿ ಎಕ್ಕ ಮತ್ತು ಗುಲಾಮ. ಡಾಯ್ಲ್ ಬ್ರನ್ಸನ್ ಕೈಯಲ್ಲಿ ಬರಿಯ ಹತ್ತು ಮತ್ತು ಎರಡು. ಫ್ಲಾಪಿನಲ್ಲಿ ಎಕ್ಕ, ಗುಲಾಮ, ಹತ್ತು ತೆರೆದುವು. ಆಲ್ಟೊಗೆ ಎರಡು ದೊಡ್ಡ ಜೋಡಿ, ಬ್ರನ್ಸನ್ನನಿಗೆ ಒಂದು ಸಣ್ಣ ಜೋಡಿ. ಟರ್ನ್‌ನಲ್ಲಿ ಎರಡು ಬಂದು ಅವನಿಗೂ ಎರಡು ಜೋಡಿಯಾದರೂ ಸೋಲು ತಪ್ಪಿರಲಿಲ್ಲ. ತೆರೆಯದೆ ಉಳಿದ 44 ಎಲೆಗಳಲ್ಲಿ ಅವನನ್ನು ಗೆಲ್ಲಿಸಬಲ್ಲವು ನಾಲ್ಕೇ. ಹನ್ನೊಂದರಲ್ಲಿ ಹತ್ತು ಪಾಲು ಗೆಲುವು ಆಲ್ಟೊನ ಕಡೆಗಿತ್ತು. ಹೊಳೆ ತಂದದ್ದು ಮಾತ್ರ ಇನ್ನೊಂದು ಹತ್ತನ್ನು! ಮೂರು ಹತ್ತು, ಎರಡು ಎರಡು: ‘ಫುಲ್ ಹೌಸ್’. ಸೋಜಿಗವೆಂದರೆ, ಮರುವರ್ಷ 1977ರಲ್ಲೂ ಬ್ರನ್ಸನ್ ಅದೇ ಹತ್ತು-ಎರಡರಿಂದ, ಹೊಳೆಯಲ್ಲಿ ಬಂದ ಹತ್ತರ ಬಲದಿಂದಲೇ ಗೆದ್ದನು. ಆ ಜೋಡಿಗೆ ಅವನ ಹೆಸರೇ ನಿಂತಿತು.

ಮೇಜಿನ ಎಲೆ ಒಂದೇ; ಅದರ ಬೆಲೆ ಮಾತ್ರ ಕೈಗೊಂದು ಬಗೆ. ‘ಇದು ನನಗೇನು ಕೊಟ್ಟಿತು?’ ಎಂದು ಕೇಳುವುದು ಸುಲಭ, ‘ಎದುರಿನವನಿಗೇನು ಕೊಟ್ಟಿತು?’ ಎಂದು ಕೇಳಬಲ್ಲವನೇ ಆಟಗಾರ. ಮನೆಯಲ್ಲಿ ಹಣವನ್ನು ದೂರವಿಟ್ಟು ಹುಣಸೆಬೀಜವನ್ನು ಪಣವಾಗಿಟ್ಟು ಆಡಿನೋಡಿ. ಪಾಠವೂ ಅಗ್ಗ, ಸೋತವರಿಗೆ ನಿದ್ದೆಯೂ ಕೆಡದು.